ಇಂದಿನ ಧಮ್ಮ ಚಿಂತನೆ: ಹಡಗಿಗೆ ಹೋಗುವ ಬ್ಯಾಗಿನಲ್ಲಿ ಒಂದು ಲೋಟ



ಮೂರು ರಾತ್ರಿಯ ಹಡಗು ಪ್ರಯಾಣಕ್ಕೆ ಐದು ಸೀರೆ ಕಟ್ಟಿಕೊಂಡರೆ ಅದು ತೃಷ್ಣೆಯೇ? ಬಳಗದ ಉಪಾಸಿಕೆಯೊಬ್ಬರು ಈ ಪ್ರಶ್ನೆ ಕಳಿಸಿದ್ದಾರೆ. ಬೇರೆ ಯಾರೂ ಅಲ್ಲ, ಬೈಂದೂರಿನಲ್ಲಿರುವ ನನ್ನ ದೊಡ್ಡಮ್ಮನ ಮಗಳು. ಅವಳ ಮಗನಿಗೆ ಮುಂಬೈಯಲ್ಲಿ ಕೆಲಸ. ಅಮ್ಮನನ್ನೂ ಅಜ್ಜಿಯನ್ನೂ ಒಮ್ಮೆ ಕ್ರೂಸ್ ಹಡಗಿನಲ್ಲಿ ಕರೆದುಕೊಂಡು ಹೋಗಬೇಕೆಂದು ಮುಂಬೈಯಿಂದ ಹೊರಟು ಮುಂಬೈಗೇ ಮರಳುವ ಟಿಕೆಟ್ ಮಾಡಿಸಿದ್ದಾನೆ. ಶುಕ್ರವಾರ ಮತ್ಸ್ಯಗಂಧದಲ್ಲಿ ಹೊರಡುವುದು.

ನಮ್ಮ ಕಡೆಯವರಿಗೆ ಸಮುದ್ರ ಹೊಸದಲ್ಲ. ಗಂಗೊಳ್ಳಿ, ಮಲ್ಪೆ ದಕ್ಕೆಗಳಲ್ಲಿ ಮೀನು ಹೊತ್ತವರು, ಬಲೆ ಎಳೆದವರು ನಮ್ಮಲ್ಲಿದ್ದಾರೆ. ಈಗ ಈ ಕರಾವಳಿಯ ಹುಡುಗರು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಇಂಥದೇ ಹಡಗುಗಳಲ್ಲಿ ಅಡುಗೆಗೆ, ರೂಮು ಒಪ್ಪ ಮಾಡುವುದಕ್ಕೆ ಸೇರುತ್ತಾರೆ. ದುಡ್ಡು ಕೊಟ್ಟು ಮೇಲಿನ ಡೆಕ್ಕಿನಲ್ಲಿ ಕುರ್ಚಿ ಹಾಕಿ ಕೂರುವುದು ಮಾತ್ರ ನಮ್ಮ ಮನೆಗಳಿಗೆ ಹೊಸದು. ಅದಕ್ಕೇ ಏನು ಕಟ್ಟಿಕೊಳ್ಳಬೇಕು ಎಂಬುದೇ ಒಂದು ದೊಡ್ಡ ವಿಚಾರವಾಗಿದೆ.

ಸುಲಭದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ದೊಡ್ಡ ಬ್ಯಾಗನ್ನು ಹಡಗಿನವರೇ ತೆಗೆದುಕೊಂಡು ಆಮೇಲೆ ರೂಮಿಗೆ ಮುಟ್ಟಿಸುತ್ತಾರೆ. ಹಾಗಾಗಿ ಆಧಾರ್ ಕಾರ್ಡ್, ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಕನ್ನಡಕ, ಚಾರ್ಜರ್ ಕೈಚೀಲದಲ್ಲಿರಬೇಕು. ವಾಂತಿ ಬಾರದ ಹಾಗೆ ಮಾತ್ರೆ ಬೇಕು, ಡಾಕ್ಟರರನ್ನು ಕೇಳಿಯೇ ತರಬೇಕು. ಎಸಿ ಜೋರಿರುತ್ತದೆ, ಒಂದು ಸ್ವೆಟರ್ ಬೇಕು. ಜಾರದ ಚಪ್ಪಲಿ ಬೇಕು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಹತ್ತಿಸಲು ಬಿಡುವುದಿಲ್ಲ, ಬೆಂಕಿ ಭಯ. ಒಣಮೀನಿನ ಚಟ್ನಿಯ ಬಾಟ್ಲಿಯ ಆಸೆ ಬಿಡಿ.

ಇನ್ನು ಸೀರೆಯ ಪ್ರಶ್ನೆ. ಬಳಗದ ಒಬ್ಬರು ಹಿರಿಯರು ಅಷ್ಟ ಪರಿಕ್ಖಾರವನ್ನು ನೆನಪಿಸಿದರು. ಭಿಕ್ಕುವಿನ ಸ್ವತ್ತು ಎಂದರೆ ಎಂಟೇ: ಮೂರು ಚೀವರ, ಒಂದು ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟದ ಪಟ್ಟಿ, ನೀರು ಸೋಸುವ ಬಟ್ಟೆ. ಹಕ್ಕಿ ಎಲ್ಲಿಗೆ ಹಾರಿದರೂ ಅದರ ರೆಕ್ಕೆಯೇ ಅದರ ಹೊರೆ, ಭಿಕ್ಕು ಹಾಗಿರಬೇಕು ಎಂದು ಭಗವಾನ್ ಬುದ್ಧರು ಹೇಳಿದ್ದಾರೆ. ಭಿಕ್ಕುವೇ ಮೂರು ಚೀವರದಲ್ಲಿ ಬಾಳುವಾಗ ನಮಗೆ ಐದು ಸೀರೆ ಏಕೆ ಎಂಬುದು ಆ ಹಿರಿಯರ ಮಾತು.

ಅವರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಈ ಮಾತು ನಮಗೆ ಹೊಂದುವುದಿಲ್ಲ. ಎಂಟು ವಸ್ತುವಿನ ನಿಯಮ ಮನೆ ಬಿಟ್ಟವರಿಗೆ. ಮನೆಯಲ್ಲಿರುವ ಅನಾಥಪಿಂಡಿಕನಿಗೆ ಬುದ್ಧರು ಹೇಳಿದ ನಾಲ್ಕು ಸುಖಗಳೇ ಬೇರೆ: ನ್ಯಾಯವಾಗಿ ದುಡಿದದ್ದು ಇರುವ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ತಪ್ಪು ಮಾಡದೆ ಬಾಳುವ ಸುಖ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬುದ್ಧರಿಗೆ ಬಡತನ ಇಷ್ಟವಿರಲಿಲ್ಲ ಎಂಬುದಕ್ಕೆ ಒಂದು ಭಾಗ ಇಟ್ಟಿದ್ದಾರೆ, ಅದರ ಬೆನ್ನಿಗೇ ಕೂಡಿಡುವ ಆಸೆಯೂ ಅವರಿಗೆ ಇಷ್ಟವಿರಲಿಲ್ಲ ಎಂದು ಇನ್ನೊಂದು ಭಾಗ. ಎರಡನ್ನೂ ಒಟ್ಟಿಗೆ ಓದಬೇಕು. ಇದ್ದದ್ದನ್ನು ಬಿಡು ಎನ್ನುವ ಉಪದೇಶ ಇದ್ದವರಿಗೆ ಸರಿ. ನಮ್ಮ ಅಜ್ಜಿಯಂದಿರಿಗೆ ಉಟ್ಟದ್ದು ಬಿಟ್ಟರೆ ಇನ್ನೊಂದಿರಲಿಲ್ಲ, ಅದು ತ್ಯಾಗವಾಗಿರಲಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಬಟ್ಟೆಯ ವಿಷಯವನ್ನೇ ಮಾತಾಡಿದರು. ಶುಚಿಯಾಗಿರಿ, ಸೀರೆಯನ್ನು ಉಳಿದವರು ಉಡುವ ಹಾಗೆ ಉಡಿ, ನೋಡಿದ ಕೂಡಲೇ ಜಾತಿ ಗೊತ್ತಾಗುವ ಆ ಭಾರದ ಒಡವೆಗಳನ್ನು ತೆಗೆದುಹಾಕಿ ಎಂದರು. ಬಟ್ಟೆ ಸಣ್ಣ ವಿಷಯ ಎಂದು ಅವರಿಗೆ ಅನ್ನಿಸಲಿಲ್ಲ.

ಹಾಗಾಗಿ ತಂಗೀ, ಐದಲ್ಲ, ಆರು ಸೀರೆ ಇಟ್ಟುಕೋ. ಹೊತ್ತುಕೊಳ್ಳುವವಳು ನೀನೇ ತಾನೇ. ಆದರೆ ಸಾಲ ಮಾಡಿ ತರಬೇಡ. ಟ್ರಾಲಿ ಬ್ಯಾಗಿಗೂ ಕಂತು ಕಟ್ಟುವ ಕಾಲ ಇದು. ಮೂರು ದಿನದ ಫೋಟೋಗೆ ಮೂರು ವರ್ಷ ಬಡ್ಡಿ ಕಟ್ಟಿದರೆ ನಾಲ್ಕು ಸುಖದಲ್ಲಿ ಮೂರನೆಯದು ಹೋಯಿತು. ಮಗ ಉಳಿಸಿದ ದುಡ್ಡಿನಲ್ಲಿ ಕರೆದುಕೊಂಡು ಹೋಗುತ್ತಿದ್ದಾನೆ ಎಂದು ಗೊತ್ತಿರುವುದರಿಂದ ನನಗೆ ಆ ಚಿಂತೆ ಇಲ್ಲ.

ಆದರೆ ಅವಳಿಗೆ ನಿಜವಾಗಿ ಕಾಡುತ್ತಿದ್ದದ್ದು ಸೀರೆಯಲ್ಲ. ಸಂದೇಶದ ಕೊನೆಗೆ ಹೀಗೆ ಇತ್ತು: "ಅಮ್ಮ ಮತ್ತೆ ಆ ಲೋಟ ಬ್ಯಾಗಿಗೆ ಹಾಯ್ಕಂಡಿತ್. ತೆಗಿ ಅಂದ್ರೆ ಕೇಂತಿಲ್ಲ. ಎಂತ ಮಾಡುದ್ ಅಣ್ಣ?"

ಆ ಲೋಟ ನಮ್ಮ ಮನೆಯವರಿಗೆಲ್ಲ ಗೊತ್ತು. ದೊಡ್ಡಮ್ಮನಿಗೆ ಈಗ 74. ಸಣ್ಣವರಿದ್ದಾಗ ಗದ್ದೆ ನಾಟಿಗೆ, ಕೊಯ್ಲಿಗೆ ದೊಡ್ಡ ಮನೆಗಳಿಗೆ ಹೋದವರು. ಅಂಗಳದ ಕೆಳಗೆ ಕೂರಿಸಿ ಗೆರಟೆಯಲ್ಲಿ ಚಾ ಹೊಯ್ಯುತ್ತಿದ್ದರು, ಕೈ ತಾಗದ ಹಾಗೆ ಮೇಲಿನಿಂದ. ಆಮೇಲೆ ಕಾಲ ಸುಧಾರಿಸಿತು ಎಂದು ಹೇಳಿ ಅಲ್ಯೂಮಿನಿಯಂ ಲೋಟ ಬಂತು. ಅದು ಕೊಟ್ಟಿಗೆಯ ಮಾಡಿನ ಎಡೆಯಲ್ಲಿ ಸಿಕ್ಕಿಸಿರುತ್ತಿತ್ತು. ತಾವೇ ತೆಗೆದು, ಕುಡಿದು, ತೊಳೆದು, ಅಲ್ಲಿಯೇ ಸಿಕ್ಕಿಸಿ ಬರಬೇಕು. ಮುಂದೆ ಗೇರುಬೀಜದ ಕಾರ್ಖಾನೆಗೆ ಸೇರಿದಾಗ ಸಂಬಳದಲ್ಲಿ ಮೊದಲು ಕೊಂಡದ್ದು ಒಂದು ಸ್ಟೀಲ್ ಲೋಟ. ಅಂದಿನಿಂದ ಮದುವೆ ಮನೆಗೆ ಹೋಗಲಿ, ಬಸ್ಸಿನಲ್ಲಿ ಹೋಗಲಿ, ಆಸ್ಪತ್ರೆಗೆ ಹೋಗಲಿ, ಅದು ಚೀಲದಲ್ಲಿ ಇದ್ದದ್ದೇ. ಯಾರದ್ದಾದರೂ ಮನೆ ಜಗಲಿಯಲ್ಲಿ ನೀರು ಬೇಕಾ ಎಂದು ಕೇಳಿದರೆ ಕೂಡಲೇ ತಮ್ಮ ಲೋಟ ಹೊರಗೆ ತೆಗೆಯುತ್ತಾರೆ. ಏಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಅವ್ರ್ ಬೇರೆ ಲೋಟ ಹುಡ್ಕುದ್ರೊಳ್ಗೆ ನಮ್ದ್ ಹಿಡ್ದ್ರ್ ಆಯ್ತಲೆ" ಎಂದಿದ್ದರು.

ಲೋಟ ಕಂಡು ಮೊಮ್ಮಗ ಫೋನಿನಲ್ಲಿ ತಮಾಷೆ ಮಾಡಿದನಂತೆ, "ಅಜ್ಜೀ, ನೀವು ಜೈಪುರದ ಮಹಾರಾಜ" ಎಂದು. ಅವನು ಜೈಪುರಕ್ಕೆ ಹೋಗಿದ್ದಾಗ ಅಲ್ಲಿನ ಸಿಟಿ ಪ್ಯಾಲೇಸಿನಲ್ಲಿ ಎರಡು ದೈತ್ಯ ಬೆಳ್ಳಿ ಹಂಡೆ ಕಂಡಿದ್ದ. ಒಂದೊಂದೂ ಸುಮಾರು 345 ಕಿಲೋ ತೂಕ, ಒಂದೊಂದರಲ್ಲೂ 4,000 ಲೀಟರಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಜಗತ್ತಿನಲ್ಲೇ ದೊಡ್ಡ ಬೆಳ್ಳಿ ಪಾತ್ರೆಗಳು ಎಂದು ಗಿನ್ನೆಸ್ ದಾಖಲೆ ಇದೆ. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮಹಾರಾಜ ಎರಡನೇ ಸವಾಯಿ ಮಾಧೋಸಿಂಗ್ ಲಂಡನ್ನಿಗೆ ಹೊರಟರು. ಒಲಿಂಪಿಯಾ ಎಂಬ ಹಡಗನ್ನೇ ಬಾಡಿಗೆಗೆ ಹಿಡಿದು, ಈ ಹಂಡೆಗಳಲ್ಲಿ ಗಂಗೆಯ ನೀರು ತುಂಬಿಸಿಕೊಂಡು ಹೋದರು. ಪರದೇಶದ ನೀರು ಮೈಲಿಗೆ, ಅದು ಗಂಟಲೊಳಗೆ ಇಳಿಯಬಾರದು.

ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ಹೆದರಿಕೆ ಆ ಕಾಲಕ್ಕೇ ಮುಗಿದ ಕಥೆಯಲ್ಲ. 2008ರ ಪರ್ಯಾಯದ ಹೊತ್ತಿಗೆ, ವಿದೇಶ ಪ್ರಯಾಣ ಮಾಡಿ ಬಂದ ಪುತ್ತಿಗೆ ಸ್ವಾಮಿಗಳು ಕೃಷ್ಣನ ಮೂರ್ತಿ ಮುಟ್ಟಿ ಪೂಜೆ ಮಾಡಬಹುದೇ ಎಂದು ಉಡುಪಿಯಲ್ಲಿ ಎದ್ದ ತಕರಾರು ನಮಗೆಲ್ಲ ನೆನಪಿದೆ. ಬ್ರಹ್ಮಾವರದಿಂದ ಅರ್ಧ ಗಂಟೆಯ ದಾರಿ.

ಮೊಮ್ಮಗನ ಮಾತು ತಮಾಷೆಯದ್ದು. ತಂಗಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಹಾರಾಜ ಬೇರೆಯವರ ನೀರು ಮುಟ್ಟಲಿಲ್ಲ, ಅಮ್ಮ ಬೇರೆಯವರ ಲೋಟ ಮುಟ್ಟುವುದಿಲ್ಲ, ಎರಡೂ ಒಂದೇ ಅಲ್ಲವೇ, ದೀಕ್ಷೆ ತೆಗೆದುಕೊಂಡು ಇಷ್ಟು ವರ್ಷವಾದರೂ ನಾವು ಮಡಿಯ ಪಾತ್ರೆ ಹೊರುತ್ತಿದ್ದೇವಲ್ಲ ಎಂಬುದು ಅವಳ ಸಂಕಟ. ಎರಡು ದಿನ ಅದನ್ನೇ ಯೋಚಿಸಿದೆ.

ಮಹಾರಾಜನ ಪ್ರಯಾಣಕ್ಕಿಂತ ಒಂದೇ ವರ್ಷ ಮೊದಲು, 1901ರಲ್ಲಿ, ಇನ್ನೊಂದು ಪ್ರಯಾಣ ನಡೆಯಿತು. ಸಾತಾರಾದಿಂದ ಗೋರೆಗಾಂವಿಗೆ, ಅಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಬೇಸಿಗೆ ರಜೆಯಲ್ಲಿ ಹೊರಟ ಮಕ್ಕಳು. ಅವರಲ್ಲಿ ಒಬ್ಬ ಹತ್ತರ ಆಸುಪಾಸಿನ ಭೀಮ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಈ ಪ್ರಯಾಣದ ಸಿದ್ಧತೆಯನ್ನು ಎಷ್ಟು ಅಕ್ಕರೆಯಿಂದ ನೆನೆಯುತ್ತಾರೆ ನೋಡಿ: ಹೊಸ ಅಂಗಿ, ಮಿರುಗುವ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಪಂಚೆ, ದಾರಿಗೆ ಬೇಕಾದಷ್ಟು ತಿಂಡಿಯ ಬುಟ್ಟಿ. ಮಕ್ಕಳು ರೈಲು ಹತ್ತುವುದು ಅದೇ ಮೊದಲು. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಸ್ಟೇಷನ್ ಮಾಸ್ತರ ಬಟ್ಟೆ ನೋಡಿ ಬ್ರಾಹ್ಮಣರ ಮಕ್ಕಳು ಎಂದುಕೊಂಡ. ಮಹಾರರು ಎಂದು ತಿಳಿದ ಕೂಡಲೇ ಹಿಂದೆ ಸರಿದ. ಗಾಡಿಯವರು ಯಾರೂ ಒಪ್ಪಲಿಲ್ಲ. ಕಡೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಕರಾರಿಗೆ. ಬುಟ್ಟಿಯಲ್ಲಿ ಊಟವಿತ್ತು, ನೀರಿರಲಿಲ್ಲ. ದಾರಿಯಲ್ಲಿ ಸಿಕ್ಕಿದ್ದು ಕೆಸರು ನೀರು. ರಾತ್ರಿ ಸುಂಕದ ಕಟ್ಟೆಯಲ್ಲಿ ಮುಸಲ್ಮಾನರ ಮಕ್ಕಳು ಎಂದು ಸುಳ್ಳು ಹೇಳಿ ಕೇಳಿದರೂ ಸುಂಕದವನು ಕೊಡಲಿಲ್ಲ. ಊಟ ಎದುರಿಗಿಟ್ಟುಕೊಂಡು ಮಕ್ಕಳು ಹಸಿದು ಮಲಗಿದರು.

ಎಲ್ಲವನ್ನೂ ಕಟ್ಟಿಕೊಟ್ಟ ಮನೆಯವರು ನೀರು ಮರೆತದ್ದು ಏಕೆ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಮರೆತದ್ದಲ್ಲ ಅನ್ನಿಸುತ್ತದೆ. ದಾರಿಯಲ್ಲಿ ನೀರು ಯಾರಾದರೂ ಕೊಡುತ್ತಾರೆ ಎಂದು ನಂಬಿದ್ದರು. ನೀರು ಕಟ್ಟಿಕೊಂಡು ಹೋಗುವ ವಸ್ತು ಎಂದು ಆ ಮನೆಗೆ ಅನ್ನಿಸಿರಲಿಲ್ಲ.

ಈಗ ಹೇಳು ತಂಗೀ, ಹಂಡೆ ಮತ್ತು ಲೋಟ ಒಂದೇ ಹೇಗೆ? ಇಡೀ ಜಗತ್ತಿನ ನೀರು ತನಗೆ ಕಡಿಮೆ ಎಂದುಕೊಂಡವನು ಹಂಡೆ ಹೊತ್ತ. ಜಗತ್ತು ತನ್ನನ್ನು ಕಡಿಮೆ ಎಂದದ್ದಕ್ಕೆ ನಿನ್ನ ಅಮ್ಮ ಲೋಟ ಹಿಡಿದರು. ಚವದಾರ್ ಕೆರೆಯ ನೀರನ್ನು ನಮ್ಮವರು ಮುಟ್ಟಿದರೆಂದು ಸೆಗಣಿ, ಗಂಜಲ, ಹಾಲು, ಮೊಸರು ಕೂಡಿಸಿ 108 ಕೊಡ ಸುರಿದು ಶುದ್ಧ ಮಾಡಿದರಲ್ಲ, ಮಹಾರಾಜನ ಹಂಡೆ ಆ 108 ಕೊಡಗಳ ಸಾಲಿಗೆ ಸೇರಬೇಕಾದದ್ದು. ನಿನ್ನ ಅಮ್ಮನ ಲೋಟವನ್ನು ಆ ಸಾಲಿನಲ್ಲಿ ಇಡಬೇಡ.

ಹಾಗೆಂದು ತಂಗಿಯ ಮಾತಿನಲ್ಲಿ ಸತ್ಯವೇ ಇಲ್ಲ ಎನ್ನಲಾರೆ. ಅವಳು ಇನ್ನೊಂದು ಸಂದೇಶ ಹಾಕಿದಳು. ಅಮ್ಮ ತಾವಾಗಿಯೇ ಲೋಟ ಹಿಡಿಯುವುದರಿಂದ ಆ ಮನೆಯವರಿಗೆ ಬೇರೆ ಲೋಟ ಹುಡುಕುವ ನಾಚಿಕೆ ಕೂಡ ತಪ್ಪುತ್ತದೆ, ಅವರ ಜಾತಿಯ ಕೆಲಸವನ್ನು ನಾವೇ ಮಾಡಿಕೊಟ್ಟ ಹಾಗಾಯಿತು ಎಂದು. ಇದಕ್ಕೆ ನನ್ನ ಹತ್ತಿರ ಕೂಡಲೇ ಉತ್ತರ ಇರಲಿಲ್ಲ. 1927ರ ಮಾರ್ಚ್ 20ರಂದು ಮಹಾಡಿಗೆ ಹೋದ ಸಾವಿರಾರು ಜನ ಮನೆಯಿಂದ ನೀರು ತಂದು ಕುಡಿದಿದ್ದರೆ ಯಾವ ಗಲಾಟೆಯೂ ಆಗುತ್ತಿರಲಿಲ್ಲ. ಬಾಬಾಸಾಹೇಬರು ಬೊಗಸೆ ಒಡ್ಡಿ ಕೆರೆಯ ನೀರನ್ನೇ ಕುಡಿದರು. ನೀರು ಬೇಕಿತ್ತು ಎಂದಲ್ಲ, ಅದು ಎಲ್ಲರ ನೀರು ಎಂದು.

ಆದರೆ ಮಹಾಡಿಗೆ ಹೋದವರು ತೀರ್ಮಾನ ಮಾಡಿ ಹೋದವರು, ಜೊತೆಗೆ ಸಾವಿರಾರು ಜನರಿದ್ದರು. ಮಂಡಿ ನೋವಿನ 74ರ ಮುದುಕಿ ಯಾರದ್ದೋ ಜಗಲಿಯಲ್ಲಿ ಒಬ್ಬರೇ ಕೂತಾಗ, ಬಾಯಾರಿದ ಪ್ರತಿ ಸಲವೂ ಚವದಾರ್ ಸತ್ಯಾಗ್ರಹ ಮಾಡಿ ಎಂದು ಹೇಳುವ ಹಕ್ಕು ನಮಗೆ ಎಲ್ಲಿಂದ ಬಂತು? ಲೋಟವನ್ನು ಬ್ಯಾಗಿನಿಂದ ತೆಗೆಯಬೇಕಾದವರು ಅವರಲ್ಲ. ಮಾಡಿನ ಎಡೆಯಲ್ಲಿ ಲೋಟ ಸಿಕ್ಕಿಸಿದವರು ಮೊದಲು ತೆಗೆಯಲಿ. ದೀಕ್ಷೆ ತೆಗೆದುಕೊಂಡ ದಿನ ನಮ್ಮ ಹೆಸರು ಬದಲಾಗಬಹುದು, ಮೈಯ ಅಭ್ಯಾಸ ಅಷ್ಟು ಬೇಗ ಬದಲಾಗುವುದಿಲ್ಲ. ಅದನ್ನು ಮೂಢನಂಬಿಕೆ ಎಂದು ಗದರಿಸಿದರೆ ಗಾಯವನ್ನು ಗಾಯಾಳುವಿನ ತಪ್ಪು ಎಂದ ಹಾಗಾಗುತ್ತದೆ.

ಇಲ್ಲಿ ಅಷ್ಟ ಪರಿಕ್ಖಾರಕ್ಕೆ ಮತ್ತೆ ಬರಬೇಕು. ಆ ಎಂಟರಲ್ಲಿ ನೀರು ಸೋಸುವ ಬಟ್ಟೆ ಹೇಗೆ ಬಂತು ಎಂಬುದರ ಸುತ್ತ ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಘಟನೆ ಇದೆ. ನೀರನ್ನು ಸೋಸುವುದು ಅದರಲ್ಲಿರುವ ಸಣ್ಣ ಜೀವಿಗಳು ಸಾಯಬಾರದು ಎಂದು. ಇಬ್ಬರು ಭಿಕ್ಕುಗಳು ಕೋಸಲ ದೇಶದ ದಾರಿಯಲ್ಲಿ ಹೋಗುತ್ತಿದ್ದರು. ಒಬ್ಬನ ನಡತೆ ಸರಿಯಿಲ್ಲ ಎಂದು ಇನ್ನೊಬ್ಬ ಬುದ್ಧಿ ಹೇಳಿದ, ಅವನಿಗೆ ಸಿಟ್ಟು ಬಂತು. ಮುಂದೆ ಬುದ್ಧಿ ಹೇಳಿದವನಿಗೆ ವಿಪರೀತ ಬಾಯಾರಿಕೆಯಾಯಿತು. ಅವನಲ್ಲಿ ಸೋಸುವ ಬಟ್ಟೆ ಇರಲಿಲ್ಲ. ಕೊಡು ಎಂದು ಕೇಳಿದ. ಸಿಟ್ಟಿನವನು ಕೊಡಲಿಲ್ಲ. ಕೇಳಿದವನು ಬಾಯಾರಿಯೇ ಸತ್ತ. ಸುದ್ದಿ ಬುದ್ಧರಿಗೆ ಮುಟ್ಟಿದಾಗ ಎರಡು ನಿಯಮ ಬಂತು. ಪ್ರಯಾಣದಲ್ಲಿರುವವನು ಕೇಳಿದರೆ ಸೋಸುವ ಬಟ್ಟೆಯನ್ನು ಇಲ್ಲ ಎನ್ನಬಾರದು. ಸೋಸುವ ಬಟ್ಟೆ ಇಲ್ಲದೆ ಯಾರೂ ದಾರಿ ಹಿಡಿಯಬಾರದು, ಇಲ್ಲದಿದ್ದರೆ ಹೊದೆದ ಚೀವರದ ತುದಿಯಲ್ಲಾದರೂ ಸೋಸಿ ಕುಡಿಯುತ್ತೇನೆ ಎಂದು ನಿಶ್ಚಯಿಸಿ ಹೊರಡಬೇಕು.

ನನಗೆ ಈ ನಿಯಮದ ಬಗ್ಗೆ ಯಾವಾಗಲೂ ಆಶ್ಚರ್ಯ. ಕಡಿಮೆ ಕಟ್ಟಿಕೋ ಎಂದು ಅದು ಹೇಳಲಿಲ್ಲ, ಇದನ್ನು ಕಟ್ಟಿಕೊಳ್ಳಲೇಬೇಕು ಎಂದು ಹೇಳಿತು. ಕಟ್ಟಿಕೊಂಡದ್ದನ್ನು ಕೇಳಿದವನಿಗೆ ಕೊಡಬೇಕು ಎಂದಿತು. ಬೆಳ್ಳಿ ಹಂಡೆಗಳ ನೀರು ಒಬ್ಬನ ಮಡಿಗಾಗಿ ಸಮುದ್ರ ದಾಟಿತು, ಬಾಯಾರಿದ ಬೇರೆ ಯಾರಿಗೂ ಅದು ಸೇರಿದ್ದಲ್ಲ.

ದೊಡ್ಡಮ್ಮನ ಲೋಟದಲ್ಲಿ ಎಷ್ಟು ಜನ ಕುಡಿದಿದ್ದಾರೋ ಲೆಕ್ಕವಿಲ್ಲ. ಕೆಲವು ವರ್ಷದ ಹಿಂದೆ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮಂಚಕ್ಕೆ ಒಬ್ಬ ಮುದುಕಮ್ಮ ಬಂದರು. ಗಡಿಬಿಡಿಯಲ್ಲಿ ಕರೆತಂದ ಮನೆಯವರು ಲೋಟ ತಂದಿರಲಿಲ್ಲ. ದೊಡ್ಡಮ್ಮ ತಮ್ಮದನ್ನು ತೊಳೆದು ನೀರು ತುಂಬಿಸಿ ಕೊಟ್ಟರು. ಆ ಅಮ್ಮ ಗಟಗಟ ಕುಡಿದರು. ಮೂರು ದಿನ ಇಬ್ಬರಿಗೂ ಅದೇ ಲೋಟ. ಮೂರನೆಯ ದಿನ ಊರು, ಮನೆ ವಿಚಾರಿಸಿದಾಗ ಗೊತ್ತಾಯಿತು, ಅದು ಒಂದು ಕಾಲದಲ್ಲಿ ದೊಡ್ಡಮ್ಮ ನಾಟಿಗೆ ಹೋಗುತ್ತಿದ್ದ ಮನೆಗಳ ಪೈಕಿ ಒಂದರ ಹೆಣ್ಣುಮಗಳು. ಆ ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲವಂತೆ. ಆಮೇಲೆ ಮತ್ತೆ ನೀರು ಕೇಳಿದರಂತೆ. ದೊಡ್ಡಮ್ಮ ಇದನ್ನು ಹೇಳುವಾಗಲೆಲ್ಲ ನಗುತ್ತಾರೆ. ನನಗೆ ಪೂರ್ತಿ ನಗು ಬರುವುದಿಲ್ಲ.

ತಂಗಿಗೆ ನಾನು ಬರೆದದ್ದು ಇಷ್ಟು: ತೆಗೆಯಬೇಡ, ತೆಗೆಯಲು ಹೇಳಲೂ ಬೇಡ. ಹಡಗಿನ ಊಟದ ಹಾಲಿನಲ್ಲಿ ಎಲ್ಲರಿಗೂ ಒಂದೇ ಬಗೆಯ ಗ್ಲಾಸು ಸಾಲಾಗಿ ಇಟ್ಟಿರುತ್ತಾರೆ, ಹಿಂದೆ ಯಾರು ಕುಡಿದರು, ಮುಂದೆ ಯಾರು ಕುಡಿಯುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಮೊದಲ ದಿನ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗು, ನೀನೂ ಆ ಸಾಲಿನಿಂದ ಒಂದು ಎತ್ತಿ ಕುಡಿ. ಅವರು ಎತ್ತಿದರೆ ಎತ್ತಲಿ, ಬ್ಯಾಗಿನಿಂದ ತಮ್ಮದನ್ನು ತೆಗೆದರೆ ಅದೂ ಸರಿ. ಫೋಟೋ ಮಾತ್ರ ತೆಗೆಯಬೇಡ. ಇನ್ನೊಂದು ವಿಷಯ. ಆ ಗ್ಲಾಸುಗಳನ್ನು ತೊಳೆಯುವವರು ಕೆಳಗಿನ ಡೆಕ್ಕಿನಲ್ಲಿರುತ್ತಾರೆ, ಅವರಲ್ಲಿ ನಮ್ಮ ಮಲ್ಪೆ, ಮಂಗಳೂರಿನ ಹುಡುಗರೂ ಇರಬಹುದು. ರೂಮಿಗೆ ಬರುವ ಹುಡುಗನ ಹೆಸರು ಕೇಳಿ ಹೆಸರು ಹಿಡಿದು ಕರೆಯಿರಿ. ಕೊಡುವುದಕ್ಕೆ ಸ್ವಲ್ಪ ಚಿಲ್ಲರೆ ನೋಟು ಬ್ಯಾಗಿನಲ್ಲಿ ಇರಲಿ, ಅದನ್ನು ಮೊದಲೇ ಹೇಳಲು ಬಿಟ್ಟುಹೋಯಿತು.

ಇದನ್ನೆಲ್ಲ ಓದಿ ಹೇಳಿದಾಗ ದೊಡ್ಡಮ್ಮ, "ಎಂತ ದೊಡ್ಡ ಭಾಷ್ಣ ಇವಂದ್, ರಾತ್ರಿ ಹಲ್ಲ್ ಸೆಟ್ ತೆಗ್ದ್ ಇಡುಕ್ ಲೋಟ ಬ್ಯಾಡ್ದಾ?" ಎಂದರಂತೆ. ಲೋಟ ಈಗ ಕೈಚೀಲದಲ್ಲಿದೆ, ಬಿಪಿ ಮಾತ್ರೆಯ ಪಕ್ಕದಲ್ಲಿ.

ಈ ಭಾನುವಾರ ಕುಂದಾಪುರದಲ್ಲಿ ಸೇರುವಾಗ 'ವೇಟಿಂಗ್ ಫಾರ್ ಎ ವೀಸಾ'ದ ಮೊದಲ ಅಧ್ಯಾಯ, ಗೋರೆಗಾಂವ್ ಪ್ರಯಾಣದ್ದು, ಒಟ್ಟಿಗೆ ಓದೋಣ. ಬ್ರಹ್ಮಾವರ, ಬೈಂದೂರಿನಿಂದ ಬರುವವರು ಶಾಲೆಗೆ ಹೋಗುವ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಬಿಸಿಲು ಜೋರಿದೆ, ಬಸ್ಸಿನಲ್ಲಿ ಬರುವವರು ನೀರಿನ ಬಾಟ್ಲಿ ಹಿಡಿದುಕೊಳ್ಳಿ.

ಜೈ ಭೀಮ್. ನಮೋ ಬುದ್ಧಾಯ.